ಪೀಣ್ಯದಿಂದ ಬ್ರಹ್ಮಗಿರಿಯವರೆಗೆ: ಬಂಡೆ, ಕೊಳ್ಳ, ಗವಿಮಠಗಳ ಒಂದು ವಾರ

ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯ ಎರಡೂ ಬದಿಗೆ ಹಬ್ಬಿರುವ ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಿಂದ ಈಚೆಗೆ ಬೆಳೆದದ್ದಾದರೂ, ಅಲ್ಲಿನ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಮುಂದೆ ನಿಂತು ದುಡಿಯುವ ಜನ ಹಿಡಿದು ಬಂದ ದಾರಿ ಅದಕ್ಕಿಂತ ಬಹಳ ಹಳೆಯದು. ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ರಾತ್ರಿ ಹೊರಟ ಬಸ್ಸುಗಳು ನಸುಕಿನಲ್ಲಿ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯಗಳಲ್ಲಿ ಜನರನ್ನು ಇಳಿಸುತ್ತವೆ. ಐಟಿಐ ಮುಗಿಸಿ ಮೊದಲ ಕೆಲಸಕ್ಕೆ ಬಂದ ಹುಡುಗರಿಂದ ಹಿಡಿದು ಊರ ಜಾತ್ರೆ ಮುಗಿಸಿಕೊಂಡು ಮರಳುವ ಹಿರಿಯ ಟರ್ನರುಗಳವರೆಗೆ ಎಲ್ಲರೂ ಅವರಲ್ಲಿ ಇರುತ್ತಾರೆ. ಈ ದಾರಿಯನ್ನು ಅವರು ಬಹುಮಟ್ಟಿಗೆ ನಿದ್ದೆಯಲ್ಲೇ ಕಳೆಯುವುದರಿಂದ, ಊರಿಗೂ ಕಾರ್ಖಾನೆಗೂ ನಡುವೆ ಇರುವ ಬೆಟ್ಟ, ಕಣಿವೆ, ಗವಿಗಳು ಹೆಸರಿಗೆ ಪರಿಚಿತವಾಗಿದ್ದರೂ ಕಣ್ಣಿಗೆ ಅಪರಿಚಿತವಾಗಿಯೇ ಉಳಿದಿರುತ್ತವೆ.

2019ರ ಆಯುಧ ಪೂಜೆಯ ಮರುದಿನ ಪೀಣ್ಯದ ಒಂದು ಟೂಲ್ ರೂಮಿನ, ಎಂದರೆ ಅಚ್ಚು ಮತ್ತು ಡೈಗಳನ್ನು ತಯಾರಿಸುವ ವಿಭಾಗದ, ಸಹೋದ್ಯೋಗಿಗಳು ಬಾಡಿಗೆಯ ಟೆಂಪೋ ಟ್ರಾವೆಲರ್ ಒಂದರಲ್ಲಿ ಈ ದಾರಿಯನ್ನು ಹಗಲಿನಲ್ಲಿ, ನಿಧಾನವಾಗಿ, ಉದ್ದಕ್ಕೂ ನಿಂತು ನಿಂತು ನೋಡಲೆಂದು ಒಂದು ವಾರದ ಮಟ್ಟಿಗೆ ಹೊರಟರು. ವರ್ಷದಲ್ಲಿ ಆ ಪ್ರದೇಶದ ಯಂತ್ರಗಳೆಲ್ಲ ಒಟ್ಟಿಗೆ ನಿಲ್ಲುವ ಕಾಲ ಅದು. ತೊಳೆದು ಒರೆಸಿ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಯಂತ್ರಗಳಿಗೆ ಬಿಡುವು ಸಿಕ್ಕಾಗಲೇ ಅವುಗಳನ್ನು ನಡೆಸುವವರಿಗೂ ಬಿಡುವು. ತಂಡದಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಟರ್ನರ್ ಒಬ್ಬರು, ಸಿಎನ್‌ಸಿ ಯಂತ್ರ ನಡೆಸುವ ನಾಲ್ಕಾರು ಯುವಕರು, ಲೆಕ್ಕಪತ್ರ ವಿಭಾಗದ ಒಬ್ಬರು ಮತ್ತು ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಬಂದ ಹೊಸ ಫಿಟ್ಟರ್ ಇದ್ದರು. ಆ ವರ್ಷದ ಆಗಸ್ಟಿನ ನೆರೆಯಲ್ಲಿ ಫಿಟ್ಟರನ ತಂದೆತಾಯಿಯರ ಮನೆ ಬಿದ್ದಿದ್ದುದರಿಂದ, ಪ್ರಯಾಣದ ಮಾರ್ಗ ಆ ಊರನ್ನು ಹಾದುಹೋಗುವಂತೆ ನಿಗದಿಯಾಯಿತು.

ಪ್ರಯಾಣಕ್ಕೆ ಆರಿಸಿಕೊಂಡ ತಾಣಗಳಲ್ಲಿ ಹೆಚ್ಚಿನವು ಗವಿಮಠಗಳು ಅಥವಾ ಅವುಗಳಿಗೆ ಸಮೀಪದ ನೆಲೆಗಳು. ಬಂಡೆಯ ಮರೆಯಲ್ಲಿ, ಕಣಿವೆಯ ಗೋಡೆಯಲ್ಲಿ, ಇಲ್ಲವೇ ಬೆಟ್ಟದ ಹೊಟ್ಟೆಯಲ್ಲಿ ಸಾಧಕರು ನೆಲೆನಿಂತು, ಮುಂದೆ ಶಿಷ್ಯಪರಂಪರೆ, ದಾಸೋಹ, ಜಾತ್ರೆಗಳಿಂದ ಸಂಸ್ಥೆಯಾಗಿ ಬೆಳೆದ ಮಠಗಳಿಗೆ ಈ ಹೆಸರು; ದಾಸೋಹವೆಂದರೆ ಬಂದವರು ಯಾರೆಂದು ಕೇಳದೆ ಊಟ ಹಾಕುವ ವ್ಯವಸ್ಥೆ. ಬೌದ್ಧರ ವಿಹಾರ, ಜೈನ ಮುನಿಗಳ ವಾಸದ ಗುಹೆ, ಶೈವರ ಮತ್ತು ಶರಣರ ಗವಿ ಇವುಗಳನ್ನು ಮತಧರ್ಮಗಳ ಪ್ರಕಾರ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವುದು ರೂಢಿಯಾಗಿದ್ದರೂ, ದಾರಿಯಲ್ಲಿ ಸಾಗುತ್ತ ನೋಡಿದವರಿಗೆ ಅವು ಒಂದೇ ಸಾಲಿನ ತಂಗುದಾಣಗಳಾಗಿ ಕಾಣುತ್ತವೆ. ಲೋಕವನ್ನು ತೊರೆದವರು ಲೋಕದಿಂದ ದೂರವೇ ಉಳಿದರೆಂಬ ಸಾಮಾನ್ಯ ತಿಳಿವಳಿಕೆಯನ್ನು ಆ ವಾರ ಕಂಡ ಒಂದು ನೆಲೆಯೂ ಸಮರ್ಥಿಸಲಿಲ್ಲ. ಪ್ರತಿಯೊಂದೂ ನೀರಿನ ಪಕ್ಕದಲ್ಲಿ, ರಸ್ತೆಯ ಹತ್ತಿರ, ದುಡಿಯುವ ಜನರ ಊರಿಗೆ ಕೂಗಳತೆಯಲ್ಲಿ ಇತ್ತು.

ಮೊದಲ ನಿಲುಗಡೆ ತುಮಕೂರಿಗೆ ಮುನ್ನ ಕ್ಯಾತ್ಸಂದ್ರದ ಸಿದ್ಧಗಂಗಾ ಮಠ. ಅದೇ ವರ್ಷದ ಜನವರಿ 21ರಂದು ಶಿವಕುಮಾರ ಸ್ವಾಮೀಜಿಯವರು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗಿದ್ದರಿಂದ, ಗದ್ದುಗೆಯ, ಅಂದರೆ ಗುರುಗಳ ಸಮಾಧಿಸ್ಥಳದ, ಮುಂದೆ ಹಬ್ಬದ ದಿನಗಳಲ್ಲಿಯೂ ಜನ ಸಾಲಾಗಿ ನಿಂತಿದ್ದರು. ಅನ್ನ, ಆಶ್ರಯ, ಅಕ್ಷರ ಎಂಬ ತ್ರಿವಿಧ ದಾಸೋಹದಲ್ಲಿ ಸಾವಿರಾರು ಮಕ್ಕಳು ಬೆಳೆಯುವ ಈ ಬೆಟ್ಟದ ಬುಡದಲ್ಲಿ ಓದಿದವರು ಪೀಣ್ಯದ ಕಾರ್ಖಾನೆಗಳಲ್ಲಿ ಅನೇಕರಿದ್ದಾರೆ. ತಂಡದ ಲೆಕ್ಕಪತ್ರದವರೂ ಅವರಲ್ಲಿ ಒಬ್ಬರಾಗಿದ್ದು, ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತ ಹುಡುಗರ ನಡುವೆ ಅವರು ಮಾತಿಲ್ಲದೆ ಬಡಿಸಲು ನಿಂತದ್ದನ್ನು ಉಳಿದವರು ಬಹಳ ಕಾಲ ನೆನೆದರು.

ಚಿತ್ರದುರ್ಗದ ಕೋಟೆಯನ್ನು ನೋಡುವ ಪ್ರವಾಸಿಗಳು ಸಾಮಾನ್ಯವಾಗಿ ಬಿಟ್ಟುಹೋಗುವ ಚಂದ್ರವಳ್ಳಿಯಲ್ಲಿ ತಂಡ ಇಡೀ ಮಧ್ಯಾಹ್ನ ಕಳೆಯಿತು. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಈ ಕಣಿವೆಯಲ್ಲಿ ಮಯೂರಶರ್ಮನ ಪ್ರಾಕೃತ ಶಾಸನವೊಂದು ಬಂಡೆಯ ಮೇಲಿದೆ. ಬನವಾಸಿಯ ಕದಂಬರ ಮೂಲಪುರುಷನಾದ ಆತನ ಆ ಶಾಸನ ಹೇಳುವುದು ಕೆರೆ ಕಟ್ಟಿಸಿದ ಸಂಗತಿಯನ್ನು. ಇಲ್ಲಿ ನಡೆದ ಉತ್ಖನನಗಳಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ದೊರೆತಿರುವುದರಿಂದ, ಈಗ ಪಿಕ್‌ನಿಕ್ಕಿನ ತಾಣವೆನಿಸಿರುವ ಈ ಕಣಿವೆ ಒಂದು ಕಾಲಕ್ಕೆ ದೂರದ ವ್ಯಾಪಾರದ ದಾರಿಯ ಮೇಲಿತ್ತೆಂಬುದರಲ್ಲಿ ಸಂಶಯವಿಲ್ಲ. ಪಕ್ಕದಲ್ಲೇ ನೆಲದೊಳಕ್ಕೆ ಮೆಟ್ಟಿಲಿಳಿಯುವ ಅಂಕಲಿ ಮಠದ ಗುಹಾಸಮೂಹವಿದ್ದು, ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದು ನೆಲೆಸಿದ ಸಾಧುವಿನಿಂದ ಅದಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ಟಾರ್ಚಿನ ಬೆಳಕಿನಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಗ್ಗಿ ಸಾಗುವಾಗ, ಹೊರಗಿನ ಬಿಸಿಲಿನ ಕಾವು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಕಳೆದುಹೋಗಿ, ಗಾಳಿಯ ಕಿಂಡಿಗಳನ್ನು ಎಲ್ಲಿ, ಯಾವ ಲೆಕ್ಕದಲ್ಲಿ ಬಿಟ್ಟಿದ್ದಾರೆಂಬ ಪ್ರಶ್ನೆಯಲ್ಲಿ ಯುವಕರು ಮುಳುಗಿದರು.

ಹುಬ್ಬಳ್ಳಿ, ಧಾರವಾಡ ದಾಟಿ ಗೋಕಾಕಕ್ಕೆ ಹೋಗುವ ದಾರಿ ವೇಗವಾಗಿ ಕಳೆಯಿತು. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ ನದಿ ಸುಮಾರು 171 ಅಡಿ ಆಳದ ಕಮರಿಗೆ ಬೀಳುತ್ತದೆ. ನೆರೆ ಇಳಿದು ಎರಡು ತಿಂಗಳಾಗಿದ್ದರೂ ನೀರು ಇನ್ನೂ ಕೆಂಪಾಗಿಯೇ ಇತ್ತು. ಕಮರಿಯ ಅಂಚಿನಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳೂ ಅವುಗಳಿಂದ ಸ್ವಲ್ಪ ದೂರದಲ್ಲಿ 1885ರಲ್ಲಿ ಸ್ಥಾಪನೆಯಾದ ಹತ್ತಿಯ ಗಿರಣಿಯೂ ಇವೆ. ಬೀಳುವ ನೀರಿನ ಬಲವನ್ನೇ ನಂಬಿ ಗಿರಣಿಯನ್ನು ಇಲ್ಲಿ ಕಟ್ಟಿದ್ದರಿಂದ, ಕಲ್ಲಿದ್ದಲಿನ ಗಣಿಗಳಿಂದಲೂ ಬಂದರಿನಿಂದಲೂ ದೂರದಲ್ಲಿದ್ದ ಈ ಊರು ಪೀಣ್ಯ ಹುಟ್ಟುವುದಕ್ಕೆ ಬಹಳ ಮೊದಲೇ ಕಾರ್ಮಿಕರ ಊರಾಯಿತು. ನದಿಯ ಮೇಲಿನ ತೂಗುಸೇತುವೆಯ ಒಂದು ತುದಿಯಲ್ಲಿ ನಿಂತ ಹಿರಿಯ ಟರ್ನರ್ ಜಲಪಾತಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಕಮರಿಯ ಆಚೆಗಿನ ಗಿರಣಿಯ ಕಟ್ಟಡಗಳನ್ನು. ಗುಡಿ ಕಟ್ಟಿದವರಿಗೂ ಗಿರಣಿ ಕಟ್ಟಿದವರಿಗೂ ಬಂಡೆಯ ಅಂಚಿನ ಇದೇ ಜಾಗ ಏಕೆ ಬೇಕಾಯಿತೆಂಬುದಕ್ಕೆ ಉತ್ತರ ಒಂದೇ: ನೀರು ಅಲ್ಲಿತ್ತು.

ಅಲ್ಲಿಂದ ಆಗ್ನೇಯಕ್ಕೆ ಸವದತ್ತಿಯ ಕಡೆ ಸಾಗಿದರೆ ಮಲಪ್ರಭೆಯ ಸೀಮೆ ಆರಂಭವಾಗುತ್ತದೆ. ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಬಯಲಿನಲ್ಲಿ ತಣ್ಣಗೆ ಹರಿಯುತ್ತ ಬಂದು, ಎಲ್ಲಮ್ಮನ ಗುಡ್ಡದ ಸಾಲು ಅಡ್ಡಬಂದಲ್ಲಿ ಸುತ್ತಿ ಹೋಗದೆ ಅದನ್ನೇ ಸೀಳಿಕೊಂಡು ಹೊರಬರುತ್ತದೆ. ಹಾಗೆ ಸೀಳಿದ ಇಕ್ಕಟ್ಟಾದ ಕೊಳ್ಳಕ್ಕೆ ನವಿಲುತೀರ್ಥವೆಂದು ಹೆಸರು. ಅಣೆಕಟ್ಟು ಕಟ್ಟುವವರಿಗೆ ಇಂಥ ಇಕ್ಕಟ್ಟು ವರವಾದ್ದರಿಂದ 1972ರಲ್ಲಿ ಇಲ್ಲಿ ಅಣೆಕಟ್ಟು ಪೂರ್ಣಗೊಂಡು, ಹಿಂದೆ ನಿಂತ ನೀರನ್ನು ಗುಡ್ಡದ ದೇವಿ ರೇಣುಕೆಯ, ಅಂದರೆ ಎಲ್ಲಮ್ಮನ, ಹೆಸರಿನಿಂದ ರೇಣುಕಾಸಾಗರವೆಂದು ಕರೆದರು. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ, ಗೇಟುಗಳಿಂದ ಬಿಟ್ಟ ಭಾರೀ ನೀರು ಕೆಳದಂಡೆಯ ರಾಮದುರ್ಗ, ನರಗುಂದ, ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳವೂ ಮುಳುಗಿತು. ಕೊಳ್ಳದ ಎರಡು ಗೋಡೆಗಳ ನಡುವೆ ನಿಂತು ಕೆಳಗಿನ ನೀರನ್ನು ನೋಡುತ್ತಿದ್ದ ಫಿಟ್ಟರ್ ಹುಡುಗನಿಗೆ ಆ ದೃಶ್ಯ ಉಳಿದವರಿಗೆ ಕಂಡಂತೆ ಕಾಣಲು ಸಾಧ್ಯವಿರಲಿಲ್ಲ. ಪ್ರವಾಸಿಯ ಕಣ್ಣಿಗೆ ರುದ್ರಸುಂದರವಾದ ಕಮರಿ ಕೆಳದಂಡೆಯವನಿಗೆ ತನ್ನ ಮನೆಯ ಗೋಡೆಯ ವಿಷಯವಾಗಿರುತ್ತದೆಂಬ ಅರಿವು ತಂಡಕ್ಕೆ ಅಲ್ಲಿ ಬಂತು, ಮತ್ತು ಆ ಮೇಲೆ ಫೋಟೋಗಳು ಕಡಿಮೆಯಾದವು.

ಬಾದಾಮಿಯ ಬಳಿಯ ಬನಶಂಕರಿ ಗುಡಿಯ ಮುಂದೆ, ಹರಿದ್ರಾತೀರ್ಥವೆಂಬ ಹೊಂಡದ ಪಕ್ಕದ ನೆರಳಿನಲ್ಲಿ, ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿಯಲ್ಲಿ ಊಟ ತಂದು ಮಾರುತ್ತಾರೆ. ಬಿಳಿ ಬಟ್ಟೆ ಬಿಚ್ಚಿದರೆ ಎಳ್ಳು ಹಚ್ಚಿ ತಟ್ಟಿ ಒಣಗಿಸಿದ ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಕಾಗದದ ಪ್ಲೇಟಿನ ಮೇಲೆ ರೊಟ್ಟಿಯನ್ನೇ ತಟ್ಟೆಯಾಗಿ ಇಟ್ಟು, ಅದರ ಮೇಲೆ ಒಂದೊಂದನ್ನೇ ಬಡಿಸುತ್ತ ಕುಳಿತ ಅಜ್ಜಿಯೊಬ್ಬರು, “ಉಣ್ರೋ ಯಪ್ಪಾ, ನಾಚಬ್ಯಾಡ್ರಿ, ಬೆಂಗಳೂರಾಗ ನಿಮಗ್ಯಾರು ರೊಟ್ಟಿ ಬಡೀತಾರ?” ಎಂದು ಕೇಳಿದಾಗ, ಪೀಣ್ಯದ ಬಾಡಿಗೆ ಕೋಣೆಗಳಲ್ಲಿ ಒಬ್ಬೊಬ್ಬರೇ ಅಡುಗೆ ಮಾಡಿಕೊಳ್ಳುವ ಹುಡುಗರು ತಲೆ ತಗ್ಗಿಸಿ ಉಂಡರು. ಅಜ್ಜಿಯ ಊರಿಗೂ ನೆರೆ ಬಂದಿತ್ತು. ಹಿಟ್ಟು ನೆನೆದುಹೋಗಿ, ಬೀಸಿಸಿಟ್ಟ ಜೋಳವೆಲ್ಲ ಹಾಳಾಗಿ, ಮತ್ತೆ ಕಾಳು ತಂದು ವ್ಯಾಪಾರ ಶುರುಮಾಡಿ ಆಗ ಒಂದು ತಿಂಗಳೂ ಆಗಿರಲಿಲ್ಲ.

ಬಾದಾಮಿಯ ಬಂಡೆಗಳ ಕುರಿತು ಬರೆಯದ ಪ್ರವಾಸಕಥನ ಕನ್ನಡದಲ್ಲಿ ಅಪರೂಪ. ಅವುಗಳ ಬಣ್ಣವನ್ನು ಬಿಟ್ಟು ರಚನೆಯ ಕಡೆಗೆ ನೋಡಿದರೆ, ಚಿತ್ರದುರ್ಗದ ಉರುಟು ಗ್ರಾನೈಟ್ ಗುಂಡುಗಳಿಗೂ ಇಲ್ಲಿನ ನೆಟ್ಟಗಿನ ಮರಳುಗಲ್ಲಿನ ಗೋಡೆಗಳಿಗೂ ಇರುವ ವ್ಯತ್ಯಾಸವೇ ಎರಡೂ ಕಡೆಯ ಗವಿಗಳ ವ್ಯತ್ಯಾಸಕ್ಕೆ ಕಾರಣವೆಂಬುದು ತಿಳಿಯುತ್ತದೆ: ಗ್ರಾನೈಟಿನ ನಾಡಿನಲ್ಲಿ ಸಾಧಕರು ಗುಂಡುಗಳ ನಡುವೆ ತಾನಾಗಿ ಉಂಟಾದ ಸಂದುಗಳನ್ನು ಹೆಚ್ಚಾಗಿ ಬಳಸಿಕೊಂಡರೆ, ಪದರ ಪದರವಾಗಿ ಕೂತ ಮೃದುವಾದ ಮರಳುಗಲ್ಲಿನಲ್ಲಿ ಬೇಕಾದ ಆಕಾರಕ್ಕೆ ಕೋಣೆ ಕೊರೆಯುವುದು ಸಾಧ್ಯವಾಯಿತು. ಮೊದಲನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ್ದನ್ನು ಇಲ್ಲಿನ ಬಂಡೆಶಾಸನ ಹೇಳುತ್ತದೆ. ಮಂಗಳೇಶ ಬರೆಸಿದ 578ರ ಶಾಸನ ಮೂರನೆಯ ಗುಹೆಯಲ್ಲಿದೆ. ಆ ಶಾಸನದಲ್ಲಿ ವಿಷ್ಣುಗೃಹದ ವೈಭವದ ವರ್ಣನೆಯ ಜೊತೆಗೆ, ಹಳ್ಳಿಯೊಂದನ್ನು ದತ್ತಿ ಬಿಟ್ಟು ಅದರ ಉತ್ಪತ್ತಿಯಿಂದ ಬ್ರಾಹ್ಮಣರ ನಿತ್ಯದ ಊಟಕ್ಕೂ ಮಿಕ್ಕದ್ದನ್ನು ಪರಿವ್ರಾಜಕರ, ಅಂದರೆ ಊರೂರು ಸಂಚರಿಸುವ ಸನ್ಯಾಸಿಗಳ, ಊಟಕ್ಕೂ ಗೊತ್ತುಮಾಡಿದ ವಿವರವಿದೆ. ಶಿಲ್ಪಕಲೆಯ ಚರ್ಚೆಯಲ್ಲಿ ಮರೆಯಾಗುವ ಈ ಸಾಲು, ದಾರಿಯ ದೃಷ್ಟಿಯಿಂದ ನೋಡುವವರಿಗೆ ಆ ಗುಹೆಯ ಬಹು ಮುಖ್ಯವಾದ ಸಂಗತಿ. ನಡೆದು ದಣಿದವನಿಗೆ ಅನ್ನ ಸಿಗಬೇಕೆಂಬ ಚಿಂತೆ ಬಂಡೆಯಲ್ಲಿ ಕೊರೆಸುವಷ್ಟು ದೊಡ್ಡದಾಗಿತ್ತು.

ಐಹೊಳೆಯಲ್ಲಿ ರವಿಕೀರ್ತಿಯ 634ರ ಶಾಸನವಿರುವ ಮೇಗುಟಿ ಜಿನಾಲಯಕ್ಕೆ ಹತ್ತುವ ದಾರಿಯಲ್ಲೇ, ಬೆಟ್ಟದ ಇಳಿಜಾರಿಗೆ ಆತುಕೊಂಡು ಎರಡಂತಸ್ತಿನ ಬೌದ್ಧ ಕಟ್ಟಡವೊಂದಿದೆ. ಮುಂಭಾಗದ ಕಂಬಗಳ ಪಡಸಾಲೆಯನ್ನು ಕಲ್ಲಿನಲ್ಲಿ ಕಟ್ಟಿ, ಹಿಂದಿನ ಭಾಗವನ್ನು ಬೆಟ್ಟದೊಳಕ್ಕೆ ಕೊರೆದಿರುವುದರಿಂದ, ಇದು ಅರ್ಧ ಕಟ್ಟಡ, ಅರ್ಧ ಗುಹೆ. ಮೇಲಂತಸ್ತಿನ ಚಾವಣಿಯಲ್ಲಿ ಬುದ್ಧನ ಉಬ್ಬುಶಿಲ್ಪವಿದ್ದು, ತಲೆಯಿಲ್ಲದ ಬುದ್ಧಮೂರ್ತಿಯೊಂದು ಅಲ್ಲಿಯೇ ಕುಳಿತಿದೆ. ಬೌದ್ಧರ ನೆಲೆಯ ಮೇಲೆ ಜೈನರ ಗುಡಿ, ಕೆಳಗೆ ಶೈವ ವೈಷ್ಣವ ಗುಡಿಗಳ ಊರು. ಒಂದೇ ಗುಡ್ಡವನ್ನು ಇಷ್ಟು ಜನ ಹಂಚಿಕೊಂಡದ್ದು ಯಾವುದೋ ಆದರ್ಶದ ಘೋಷಣೆಯಿಂದಲ್ಲ, ಐಹೊಳೆ ವ್ಯಾಪಾರಿ ಸಂಘದ ಊರಾಗಿದ್ದು ಎಲ್ಲ ಬಗೆಯ ದಾರಿಹೋಕರಿಗೂ ಅಲ್ಲಿ ಪೋಷಕರು ಸಿಗುತ್ತಿದ್ದುದರಿಂದ. ಇಲ್ಲಿಗೆ ಹತ್ತಿರದ ಸಿದ್ದನಕೊಳ್ಳದಲ್ಲಿ ಮುಂದಕ್ಕೆ ಚಾಚಿದ ಬಂಡೆಯೇ ಚಾವಣಿಯಾಗಿ, ಅದರ ಅಡಿಯಲ್ಲಿ ಸಿದ್ಧೇಶ್ವರನ ಗುಡಿ ಕೂತಿದೆ. ಮಳೆಗಾಲದಲ್ಲಿ ಪಕ್ಕದಲ್ಲೇ ಹಳ್ಳ ಧುಮುಕುತ್ತದೆ. ಮಕ್ಕಳಿಲ್ಲದವರು ಹರಕೆ ಹೊರುವ ಲಜ್ಜಾಗೌರಿಯ ಪ್ರಾಚೀನ ಶಿಲ್ಪವೂ ಈ ಕೊಳ್ಳದಲ್ಲಿದ್ದು, ಮಠದಲ್ಲಿ ದಾಸೋಹ ಇಂದಿಗೂ ನಡೆಯುತ್ತದೆ. ಅಂದು ಮಧ್ಯಾಹ್ನ ಅಲ್ಲಿ ಉಂಡವರಲ್ಲಿ ನೆರೆಯಿಂದ ಮನೆ ಕಳೆದುಕೊಂಡ ಕುಟುಂಬಗಳೂ ಇದ್ದವು.

ಫಿಟ್ಟರ್ ಹುಡುಗನ ಊರಿನಲ್ಲಿ ಅವನ ತಂದೆತಾಯಿ ತಗಡಿನ ಶೆಡ್ಡಿನಲ್ಲಿದ್ದರು. ಮಣ್ಣಿನ ಗೋಡೆಯ ಮೇಲ್ಮುದ್ದೆ ಮನೆಗಳು, ಅಂದರೆ ಮರದ ತೊಲೆಗಳ ಮೇಲೆ ಮಣ್ಣು ಹಾಸಿ ಮಾಡಿದ ಮಾಳಿಗೆಯ ಮನೆಗಳು, ನೀರು ಹೊಕ್ಕಾಗ ಒಮ್ಮೆಲೇ ಬೀಳದೆ, ನೀರು ಇಳಿದ ಮೇಲೆ ಬುಡ ಕರಗಿ ಒಂದೊಂದಾಗಿ ಕುಸಿದಿದ್ದವು. ತಂಡ ಅಲ್ಲಿ ಒಂದು ಹಗಲು ನಿಂತು, ಕೊಳೆತ ತೊಲೆಗಳನ್ನು ಬೇರ್ಪಡಿಸಿ, ಬಳಕೆಗೆ ಬರುವ ಕಲ್ಲುಗಳನ್ನು ಒಂದು ಕಡೆ ಒಟ್ಟಿ, ಸಂಜೆಯ ಹೊತ್ತಿಗೆ ಪಾಯದ ಜಾಗವನ್ನು ತೆರವು ಮಾಡಿಕೊಟ್ಟಿತು. ಹುಡುಗ ಅಲ್ಲಿಯೇ ಉಳಿದ. ಅವನ ರಜೆಯ ಅರ್ಜಿಯನ್ನು ಹಿರಿಯ ಟರ್ನರ್ ಶೆಡ್ಡಿನ ಮುಂದೆ ಕುಳಿತು ತಮ್ಮ ಕೈಯಾರೆ ಬರೆದು ಜೇಬಿನಲ್ಲಿ ಇಟ್ಟುಕೊಂಡರು. ಆ ತಿಂಗಳ ಮೂರನೆಯ ವಾರದಲ್ಲಿ ಅದೇ ನದಿಗೆ ಮತ್ತೊಮ್ಮೆ ನೆರೆ ಬಂತು. ಅವನು ಪೀಣ್ಯಕ್ಕೆ ಮರಳಿದ್ದು ದೀಪಾವಳಿ ಕಳೆದ ಮೇಲೆ.

ಅವನ ಊರಿನಿಂದ ಹೊರಟ ತಂಡ ಮುಂದೆ ಕಂಡ ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರ ಗುಡಿ, ಬೆಟ್ಟದ ಕಡಿದಾದ ಗೋಡೆಗೆ ಬೆನ್ನು ಕೊಟ್ಟು ಕುಳಿತ ಇನ್ನೊಂದು ನೆಲೆ. ಮೆಟ್ಟಿಲು ಹತ್ತಿದರೆ ಬಂಡೆಯ ಸಂದಿನಿಂದ ಬೇಸಿಗೆಯಲ್ಲಿಯೂ ನಿಲ್ಲದೆ ಜಿನುಗುವ ನೀರು, ಅದನ್ನು ಹಿಡಿದಿಡುವ ಹೊಂಡ. ಸುತ್ತಲಿನ ಸೀಮೆ ಮಳೆ ಕಡಿಮೆಯಿರುವ ಎರೆಭೂಮಿಯಾದ್ದರಿಂದ, ಈ ಜಿನುಗು ಎಷ್ಟು ದೊಡ್ಡ ಸಂಪತ್ತೆಂಬುದನ್ನು ಹೊರಗಿನವರು ಊಹಿಸುವುದು ಕಷ್ಟ.

ಆ ವಾರದ ಚರ್ಚೆಯೆಲ್ಲ ಮೊನಚಾದದ್ದು ಕಪ್ಪತ್ತಗುಡ್ಡದಲ್ಲಿ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಲ್ಲಿ ಚಾಚಿರುವ ಈ ಗುಡ್ಡಸಾಲು ಭೂವಿಜ್ಞಾನಿಗಳು ಗದಗ ಪದರುಶಿಲೆಯ ಪಟ್ಟಿ ಎಂದು ಗುರುತಿಸುವ ಅತಿ ಪ್ರಾಚೀನ ಶಿಲೆಗಳದ್ದಾಗಿದ್ದು, ಕಬ್ಬಿಣದ ಅದಿರೂ ಚಿನ್ನದ ಎಳೆಗಳೂ ಅದರ ಒಡಲಲ್ಲಿವೆ. ಮೇಲೆ ಕುರುಚಲು ಕಾಡು, ಔಷಧಿ ಸಸ್ಯಗಳು, ಗಾಳಿಯಂತ್ರಗಳು. ಹಳ್ಳಿಗುಡಿಯ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಜಮೀನು ಕೊಡುವ ಪ್ರಸ್ತಾಪ ಬಂದಾಗ, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ರೈತರೊಂದಿಗೆ ನಿಂತು ನಡೆಸಿದ ಹೋರಾಟದಿಂದಾಗಿ 2011ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಗುಡ್ಡದ ಬುಡದಲ್ಲಿರುವ ನಂದಿವೇರಿ ಮಠ ಗಣಿಗಾರಿಕೆಯ ವಿರುದ್ಧ ಕಾಡಿನ ಪರವಾಗಿ ವರ್ಷಗಟ್ಟಲೆ ದನಿಯೆತ್ತಿತು. ಸಂರಕ್ಷಿತ ಪ್ರದೇಶವೆಂಬ ಮಾನ್ಯತೆ 2015ರಲ್ಲಿ ಬಂದು, ಮರುವರ್ಷ ರದ್ದಾಗಿ, 2017ರಲ್ಲಿ ಜನರ ಒತ್ತಾಯದಿಂದ ಮರಳಿ ದೊರೆತು, ಕೊನೆಗೆ 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು.

ಉಕ್ಕನ್ನು ಕೊರೆದು, ತಿರುಗಿಸಿ, ಉಜ್ಜಿ ಹೊಟ್ಟೆ ಹೊರೆಯುವವರಿಗೆ ಈ ಕಥೆ ಸುಲಭವಾಗಿ ಒಂದು ಪಕ್ಷ ಹಿಡಿಯುವಂಥದ್ದಾಗಿರಲಿಲ್ಲ. ಊರ ಹತ್ತಿರವೇ ಕಾರ್ಖಾನೆ ಬಂದಿದ್ದರೆ ಪೀಣ್ಯದ ಹತ್ತಡಿ ಕೋಣೆಯಲ್ಲಿ ಬದುಕುವ ಅಗತ್ಯವಿರುತ್ತಿರಲಿಲ್ಲವೆಂದು ಒಬ್ಬ ಯುವಕ ವಾದಿಸಿದರೆ, ಹೊಲ ಮಾರಿದ ಹಣ ಕರಗಿದ ಮೇಲೆ ಆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ನಿಲ್ಲಬೇಕಾಗುತ್ತಿತ್ತೆಂದು ಇನ್ನೊಬ್ಬ ಉತ್ತರಿಸಿದ. ಮೊದಲನೆಯವನ ಮಾತಿನ ನೋವನ್ನು ಅಲ್ಲಗಳೆಯುವಂತಿಲ್ಲ. ಉತ್ತರ ಕರ್ನಾಟಕದ ಯುವಕರು ಕೆಲಸಕ್ಕಾಗಿ ನಾಡಿನ ದಕ್ಷಿಣದ ತುದಿಗೆ ಹೋಗಬೇಕಾಗಿರುವುದು ನ್ಯಾಯವಲ್ಲ. ಆದರೂ ಈ ಗುಡ್ಡದ ವಿಷಯದಲ್ಲಿ ಎರಡನೆಯವನೇ ಸರಿ. ಬಯಲುಸೀಮೆಯಲ್ಲಿ ಮಳೆಯ ನೀರನ್ನು ಹಿಡಿದು ಸುತ್ತಲಿನ ಹಳ್ಳಗಳಿಗೆ ನಿಧಾನವಾಗಿ ಬಿಡುವ ಗುಡ್ಡವನ್ನು ಒಮ್ಮೆ ಅಗೆದರೆ, ಅದಿರು ತೀರಿದ ಮೇಲೆ ಆ ಹಳ್ಳಗಳನ್ನು ಯಾವ ಕಾರ್ಖಾನೆಯೂ ಮರಳಿ ತಯಾರಿಸಲಾರದು. ಅದೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದದ್ದು ಏಕೆಂಬುದನ್ನು ಸಂಡೂರಿನ ಸುತ್ತಲಿನ ಹೊಲಗಳ ಕೆಂಪು ದೂಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಕಪ್ಪತ್ತಗುಡ್ಡದಲ್ಲಿ ಮಠಗಳು ಮಾಡಿದ ಕೆಲಸ ಗವಿಯ ಪರಂಪರೆಗೆ ಹೊರತಾದದ್ದಲ್ಲ. ಬೆಟ್ಟದಿಂದ ನೀರನ್ನೂ ನೆರಳನ್ನೂ ಪಡೆದು ಬೆಳೆದ ಸಂಸ್ಥೆಗಳು ಬೆಟ್ಟಕ್ಕಾಗಿ ಬೀದಿಗಿಳಿದವು.

ಕೊಪ್ಪಳದ ಗವಿಮಠದಲ್ಲಿ ಈ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳುತನದಲ್ಲಿ ಆ ವರ್ಷದ ಬೇಸಿಗೆಯಲ್ಲಿಯೇ ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೂಳೆತ್ತಿ, ಜಾಲಿ ಕಿತ್ತು, ಹರಿಯುವಂತೆ ಮಾಡಲಾಗಿತ್ತು. ತಂಡ ನೋಡಿದಾಗ ಅದರ ಚೆಕ್‌ಡ್ಯಾಮುಗಳ ಹಿಂದೆ ನೀರು ನಿಂತಿತ್ತು. ಜನವರಿಯ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ರೊಟ್ಟಿ ಬಂದು ಲಕ್ಷಾಂತರ ಜನರ ದಾಸೋಹ ನಡೆಯುವ ಈ ಮಠದ ಬೆಟ್ಟದ ಮೇಲೆ, ದೊಡ್ಡ ಬಂಡೆಯ ಮರೆಯಲ್ಲಿ ಅಶೋಕನ ಶಾಸನವಿದೆ. ಎದುರಿನ ಪಾಲ್ಕಿಗುಂಡು ಬೆಟ್ಟದ ಮೇಲೆ ಇನ್ನೊಂದಿದೆ. ಎರಡೂ 1931ರಲ್ಲಿ ಬೆಳಕಿಗೆ ಬಂದವು. ಕೊಪಣವೆಂದು ಹೆಸರಾಗಿದ್ದ ಕೊಪ್ಪಳ ಜೈನರ ಮಹಾತೀರ್ಥವೂ ಆಗಿದ್ದುದರಿಂದ, ಸಲ್ಲೇಖನ ವ್ರತ ಹಿಡಿದು, ಅಂದರೆ ಆಹಾರವನ್ನು ಕ್ರಮವಾಗಿ ಬಿಟ್ಟು, ದೇಹ ತ್ಯಜಿಸಿದ ಮುನಿಗಳ ಗುರುತುಗಳೂ ಈ ಬೆಟ್ಟಗಳ ಮೇಲಿವೆ. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಉನ್ನತವಾದದ್ದನ್ನು ಪಡೆಯಬಲ್ಲರೆಂಬುದು ಅಶೋಕನ ಆ ಶಾಸನದ ತಿರುಳು. ಬೌದ್ಧ ಉಪಾಸಕನ ಮಾತು, ಜೈನ ಮುನಿಯ ಕೊನೆಯ ಆಸನ, ಶರಣರ ಗದ್ದುಗೆ ಈ ಮೂರೂ ಅಕ್ಕಪಕ್ಕದಲ್ಲಿರುವ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮರಳುವ ದಾರಿಯನ್ನು ಹೊಸಪೇಟೆಯ ಹೆದ್ದಾರಿಯಿಂದ ಪೂರ್ವಕ್ಕೆ ತಿರುಗಿಸಿ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರಕ್ಕೆ ಹೋದದ್ದು ಹಿರಿಯ ಟರ್ನರ್ ಅವರ ಒತ್ತಾಯದಿಂದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ತಾಣಗಳಲ್ಲಿ ಅಶೋಕನ ಶಾಸನಗಳಿದ್ದು, ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಗುರುತಿಸಿದರು. ಜಟಿಂಗ ರಾಮೇಶ್ವರ ಬೆಟ್ಟದ ತುದಿಯ ಗುಡಿಗೆ ಮೆಟ್ಟಿಲು ಹತ್ತಿ ಬಂದವರು ಶಾಸನದ ಪಕ್ಕದಲ್ಲೇ ಹಾದುಹೋಗುತ್ತಾರೆ. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎಂದೇ ಕರೆಯುತ್ತ ಬಂದಿದ್ದಾರೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಅಂದಿನ ಈ ಊರಾದ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸುವುದರಿಂದ ಶಾಸನ ಆರಂಭವಾಗುತ್ತದೆ. ಈ ಘೋಷಣೆಯನ್ನು ಹೊರಡಿಸಿದ್ದು 256 ರಾತ್ರಿಗಳನ್ನು ಸಂಚಾರದಲ್ಲಿ ಕಳೆದ ಮೇಲೆಂದು ವಿದ್ವಾಂಸರು ಅರ್ಥಮಾಡುವ ಸಂಖ್ಯೆಯೂ ಅದರಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು ಚಪಡನೆಂದಿದ್ದು, ಲಿಪಿಕಾರನೆಂಬ ಅರ್ಥದ ಮಾತನ್ನು ಮಾತ್ರ ಅವನು ಬ್ರಾಹ್ಮಿಯ ಬದಲು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆಯ ವಾಯವ್ಯ ಸೀಮೆಯಲ್ಲಾದ್ದರಿಂದ, ಈ ಬರಹಗಾರ ಅಲ್ಲಿಂದ ಇಲ್ಲಿಯವರೆಗೆ ಕೆಲಸ ಹುಡುಕಿಕೊಂಡೋ ಆಜ್ಞೆಯ ಮೇರೆಗೋ ಬಂದವನಾಗಿರಬೇಕೆಂಬ ಊಹೆ ಬಲವಾಗಿದೆ.

ಹಿರಿಯ ಟರ್ನರ್ ಕನ್ನಡಕ ಹಣೆಗೇರಿಸಿ, ಮೊಬೈಲಿನ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದು ಅಕ್ಷರಗಳನ್ನು ನೋಡಿದರು. ಮೇಲ್ಮೈಯ ಗೀರು ಕಾಣಬೇಕಾದರೆ ಟೂಲ್ ರೂಮಿನಲ್ಲಿ ಹೀಗೆಯೇ ಬೆಳಕು ಹಿಡಿಯುತ್ತಾರೆ. ಗೆರೆಗಳು ಎಳೆದವಲ್ಲ, ಚುಕ್ಕಿಯ ಪಕ್ಕ ಚುಕ್ಕಿ ಕುಟ್ಟಿ ಕೂಡಿಸಿದವೆಂದು ಅವರಿಗೆ ತೋರಿತು. ಇಂಥ ಕಲ್ಲಿಗೆ ಇಂಥ ಉಳಿ ಹಿಡಿದರೆ ಎರಡು ಅಕ್ಷರಕ್ಕೊಮ್ಮೆ ಮೊನೆ ಸಾಯುತ್ತದೆ, ಸತ್ತ ಮೊನೆಯನ್ನು ಕುಲುಮೆಗೆ ಹಾಕಿ, ಬಡಿದು, ನೀರಿಗೆ ಅದ್ದಿ ಮತ್ತೆ ಹದ ಕೊಡಬೇಕು, ಆದ್ದರಿಂದ ಬರೆಯುವವನ ಪಕ್ಕದಲ್ಲಿ ಕಮ್ಮಾರನೊಬ್ಬ ತಿದಿ ಒತ್ತುತ್ತ ಕೂತಿರಲೇಬೇಕೆಂಬುದು ಅವರ ತೀರ್ಮಾನವಾಯಿತು. “ಹದ ಗೊತ್ತಿಲ್ಲದವನ ಕೈಲಿ ಇದು ಆಗೋ ಮಾತಲ್ಲ ಕಣ್ರಪ್ಪ” ಎಂದು ಅವರು ಹುಡುಗರಿಗೆ ಹೇಳಿದರು. ಅವರು ಹದವೆಂದ ಉಷ್ಣೋಪಚಾರ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವ ವಿದ್ಯೆ, ಪೀಣ್ಯದಲ್ಲಿ ಪ್ರತ್ಯೇಕ ಕಾರ್ಖಾನೆಗಳು ನಡೆಸುವ ಕಸುಬು.

ಆ ಕಮ್ಮಾರ ಚಪಡನ ಜೊತೆಗೆ ದೂರದಿಂದ ಬಂದಿರಬೇಕಾಗಿರಲಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಬುಡದಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ, ಎಂದರೆ ಸತ್ತವರಿಗೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಜನರ, ಸಮಾಧಿಗಳಲ್ಲಿ ಕಬ್ಬಿಣದ ಉಪಕರಣಗಳು ದೊರೆತವು. ವ್ಹೀಲರ್ ಅವುಗಳಿಗೆ ಕೊಟ್ಟ ಕಾಲ ತೀರ ಈಚಿನದೆಂದು ಮುಂದಿನ ವಿದ್ವಾಂಸರು ತೋರಿಸಿ, ದಕ್ಷಿಣದ ಕಬ್ಬಿಣದ ಕೆಲಸವನ್ನು ಅಶೋಕನಿಗಿಂತ ಹಲವು ಶತಮಾನ ಹಿಂದಕ್ಕೆ ಒಯ್ದಿದ್ದಾರೆ. ಇಸಿಲದ ಬಂಡೆಗೆ ಅಕ್ಷರ ಬರುವ ಕಾಲಕ್ಕೆ ಅಕ್ಷರ ಕೊರೆಯುವ ಉಳಿಯನ್ನು ಹದಗೊಳಿಸಬಲ್ಲವರು ಇಸಿಲದಲ್ಲಿಯೇ ಇದ್ದರು. ಮೊಳಕಾಲ್ಮುರಿನಿಂದ ಚಳ್ಳಕೆರೆ, ಹಿರಿಯೂರುಗಳ ಮೂಲಕ ಬೆಂಗಳೂರಿಗೆ ಬರುವ ದಾರಿಯುದ್ದಕ್ಕೂ ತಂಡ ಮಾತಾಡಿದ್ದು ಅವರ ವಿಷಯವನ್ನೇ.